ಕೇಳಿಸಿದರೆ ಸೌಟು ಎತ್ತಿ

ಗುರುಸಿದ್ದಮ್ಮ ಆಟದ ಮೇಷ್ಟ್ರು ಮಂಟೇಸ್ವಾಮಿಯವರನ್ನು ಮೊದಲು ಕಂಡಿದ್ದು ಬೇಳೆ ಸೀದುಹೋದ ದಿನ. ಕೌದಳ್ಳಿ ಆಚೆಯ ಹೈಸ್ಕೂಲಿನಲ್ಲಿ ಆಕೆ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಅಂದು ಬೇಳೆ ಬೇಯಲಿಟ್ಟು ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮೈದಾನದಲ್ಲಿ ಹೆಣ್ಣುಮಕ್ಕಳು ಕಿರುಚಿದ ಸದ್ದಾಯಿತು. ಕಾಡಂಚಿನ ಊರು. ಆನೆ ನುಗ್ಗಿತೆಂದೇ ಬಗೆದು ಬರಿಗಾಲಲ್ಲಿ ಓಡಿದಳು. ನೋಡಿದರೆ, ಎರಡು ನೀಲಗಿರಿ ಕಂಬಗಳ ನಡುವೆ ಎಂಟು ಹುಡುಗಿಯರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೊರಳಿಗೆ ಸೀಟಿ ಕಟ್ಟಿಕೊಂಡ ಕಪ್ಪನೆಯ ಗಂಡಸೊಬ್ಬ ಕುಂಟುತ್ತ ಅವರ ಸುತ್ತ ತಿರುಗುತ್ತಿದ್ದಾನೆ.

"ಯಾಕ್ ಸಾ, ಕೂಸುಗಳ್ನ ಇಂಗೆ ಅರಚುಸ್ತಾ ಇದ್ದೀರಿ?"

"ಖೋಖೋ ಕಣವ್ವ. ಕೂತೋಳ ಬೆನ್ನು ಮುಟ್ಟಿ ಖೋ ಅಂತ ಕೂಗ್ಬೇಕು. ಅಂಪೈರ್‌ಗೆ ಕೇಳುಸ್ನಿಲ್ಲ ಅಂದ್ರೆ ಫೌಲು." ಮೇಷ್ಟ್ರು ಮೂಗು ಅರಳಿಸಿದರು. "ಅದಿರ್ಲಿ, ಏನೋ ಸೀದ ವಾಸ್ನೆ ಬತ್ತಾ ಇಲ್ವಾ?"

ಮೇಷ್ಟ್ರು ಯಳಂದೂರಿನವರು. ವಯಸ್ಸಿನಲ್ಲಿ ತಾವೂ ಆಡಿ ಮಂಡಿ ಕೆಡಿಸಿಕೊಂಡವರು. ಗೆರೆ ಎಳೆಯಲು ಸುಣ್ಣ ತರುತ್ತಿದ್ದುದೂ ಅವರೇ, ಹುಡುಗಿಯರ ಅಂಗಾಲಿನ ಮುಳ್ಳು ಕೀಳುತ್ತಿದ್ದುದೂ ಅವರೇ. ಬೈಗುಳ ಮಾತ್ರ ಧಾರಾಳ. "ಎದ್ದೇಳೇ, ಬಸುರಿ ಎಮ್ಮೆ ಎದ್ದಂಗೆ ಏಳ್ತೀಯಲ್ಲ!" ಅಂದರೆ ಬೈಸಿಕೊಂಡವಳೇ ಮೊದಲು ನಗುತ್ತಿದ್ದಳು.

ಆಟದಲ್ಲಿ ಅವರಿಗೆ ಸವಾಲಾಗಿದ್ದು ಓಟವಲ್ಲ, ದನಿ. ಗಟ್ಟಿಯಾಗಿ ಮಾತಾಡಿದರೆ ಮನೆಯಲ್ಲಿ ಏಟು ತಿಂದ ಮಕ್ಕಳಿಗೆ ಕೂಗೆಂದರೆ ಪಿಸುಮಾತೇ ಬರುತ್ತಿತ್ತು. ಅದಕ್ಕೆ ಮೇಷ್ಟ್ರೊಂದು ಉಪಾಯ ಹೂಡಿದರು. ಹುಡುಗಿ ಮೈದಾನದ ಆ ತುದಿಯಲ್ಲಿ ನಿಂತು ಖೋ ಅನ್ನಬೇಕು, ಅಡುಗೆಮನೆ ಕಿಟಕಿಯಲ್ಲಿ ಗುರುಸಿದ್ದಮ್ಮನಿಗೆ ಕೇಳಿಸಿದರೆ ಆಕೆ ಸೌಟು ಎತ್ತಬೇಕು. ಸೌಟು ಎದ್ದರೆ ಪಾಸು. ಏಳದಿದ್ದರೆ ಮರುದಿನ ಮತ್ತೆ ಕೂಗಬೇಕು.

ಒಂಬತ್ತನೇ ಕ್ಲಾಸಿನ ಕುಸುಮ ಗುರುಸಿದ್ದಮ್ಮನ ಮೊಮ್ಮಗಳು. ಅಪ್ಪ ಅವ್ವ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದದ್ದರಿಂದ ಅಜ್ಜಿಯೇ ಸಾಕಿದ್ದಳು. 'ಹೆಣ್ಣಿನ ದನಿ ಹೊಸಿಲು ದಾಟಬಾರದು' ಎಂದು ಕಲಿಸಿದವಳೂ ಆಕೆಯೇ. ಕುಸುಮ ಓಡಿದರೆ ಜಿಂಕೆ, ಬಾಯಿ ಬಿಟ್ಟರೆ ಗುಬ್ಬಿಮರಿ. ಐದು ದಿನ ಕೂಗಿದಳು, ಐದು ದಿನವೂ ಸೌಟು ಏಳಲಿಲ್ಲ. ಆರನೆಯ ದಿನ ದೂರದಲ್ಲಿ ಆ ಸಣ್ಣ ಬಾಯಿ ತೆರೆದು ಮುಚ್ಚಿದ್ದು ಕಂಡಿತು. ಏನೂ ಕೇಳಿಸಲಿಲ್ಲ. ಆದರೂ ಗುರುಸಿದ್ದಮ್ಮ ಮೊಮ್ಮಗಳ ಮುಖ ನೋಡಲಾರದೆ ಸೌಟು ಎತ್ತಿಬಿಟ್ಟಳು.

ತಾಲ್ಲೂಕು ಮಟ್ಟದ ಪಂದ್ಯ ಕೊಳ್ಳೇಗಾಲದಲ್ಲಿತ್ತು. ಹುಡುಗಿಯರ ಜೊತೆಗೆ ಹೆಂಗಸೊಬ್ಬರು ಬೇಕೆಂದು ಗುರುಸಿದ್ದಮ್ಮನೂ ಹೋದಳು. ಕೊನೆಯ ಗಳಿಗೆ, ಒಬ್ಬಳನ್ನು ಔಟ್ ಮಾಡಿದರೆ ಗೆಲುವು. ಅಟ್ಟಿಸಿಕೊಂಡು ಬಂದ ಕುಸುಮ ಸರಿಯಾದ ಹುಡುಗಿಯ ಬೆನ್ನನ್ನೇ ಮುಟ್ಟಿದಳು. ಆ ಹುಡುಗಿ ಎದ್ದು ಕೈಚಾಚುವಷ್ಟರಲ್ಲಿ ಸೀಟಿ ಬಿತ್ತು.

"ಖೋ ಕೇಳಿಸ್ಲಿಲ್ಲ. ಫೌಲ್!"

ಸೋತರು. ಬಸ್ಸಿನಲ್ಲಿ ಯಾರೂ ಕುಸುಮಳನ್ನು ಅನ್ನಲಿಲ್ಲ. ಅನ್ನದಿದ್ದದ್ದೇ ಆ ಮಗುವಿಗೆ ಜಾಸ್ತಿಯಾಯಿತು. ಆಟವೂ ಬೇಡ, ಸ್ಕೂಲೂ ಬೇಡ ಎಂದು ಮೂರು ದಿನ ಗೋಡೆಗೆ ಮುಖ ಹಾಕಿ ಮಲಗಿದಳು.

ಗುರುಸಿದ್ದಮ್ಮ ತಡೆಯಲಾರದೆ ಮೇಷ್ಟ್ರ ಮುಂದೆ ನಿಂತಳು. "ಸಾ, ಆವತ್ತು ನಂಗೆ ಕೇಳುಸ್ನಿಲ್ಲ. ಸುಳ್ಳೇ ಸೌಟು ಎತ್ತುದೆ. ತಪ್ಪು ನಂದು."

ಮೇಷ್ಟ್ರು ಸುಣ್ಣದ ಕೈ ಒರೆಸಿಕೊಂಡರು. "ನಂಗ್ಯಾಕವ್ವ ಯೋಳ್ತೀರಿ? ಅವಳ್ಗೆ ಯೋಳಿ."

ಸಂಜೆ ಮುದ್ದೆಗೆ ಹುರುಳಿ ಸಾರು ಬಡಿಸುತ್ತ ಅಜ್ಜಿ ಹೇಳಿದಳು. ಕುಸುಮ ತಟ್ಟೆ ತಳ್ಳಿ ಎದ್ದಳು.

"ಗೊತ್ತಿದ್ದೂ ಯಾಕಜ್ಜಿ ಎತ್ತುದೆ? ಇನ್ನೆಲ್ಡು ದಿನ ಕೂಗಿದ್ರೆ ಬತ್ತಿತ್ತು! ಎಲ್ರ ಮುಂದೆ ನನ್ ಮಾನ ಕಳ್ದಲ್ಲ!"

ಪಕ್ಕದ ಮನೆಯ ರಾಮಮ್ಮ ಬಾಗಿಲಿಗೆ ಬಂದು, "ಏನಾಯ್ತೇ ಗುರುಸಿದ್ದಿ, ಯಾರೇ ಅದು ಇಂಗೆ ಕೂಗಿದ್ದು?" ಎಂದಳು.

"ನನ್ ಮೊಮ್ಮಗಳು ಕಣೇ," ಎಂದಳು ಗುರುಸಿದ್ದಮ್ಮ. ಕಣ್ಣಲ್ಲಿ ನೀರು. ಕೈಯಲ್ಲಿದ್ದ ಸೌಟು ತಲೆಯ ಮೇಲಕ್ಕೆ ಎದ್ದಿತ್ತು, ಸಾರು ಮೊಣಕೈವರೆಗೆ ಸುರಿಯುತ್ತಿತ್ತು. ಕುಸುಮ ಅಳುತ್ತಲೇ ನಕ್ಕಳು.

ಮರುದಿನ ಮೈದಾನಕ್ಕೆ ಹೋದಳು. ಮುಂದಿನ ವರ್ಷ ಅವಳ ತಂಡ ಜಿಲ್ಲೆಯವರೆಗೂ ಹೋಗಿ ಸೋತು ಬಂತು. ಪಿಯುಸಿ ಮುಗಿಸಿದ ಕುಸುಮ ಈಗ ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹೋಗುವ ಬಸ್ಸಿನ ಕಂಡಕ್ಟರು. "ಕೌದಳ್ಳೀ, ಇಳ್ಯೋರು ಇಳೀರಿ!" ಎಂದರೆ ನಿದ್ದೆ ಹೋದವರೂ ಎದ್ದು ಕೂರುತ್ತಾರೆ. ಅವಳ ಜೊತೆ ಆಡಿದ ಚನ್ನಮಲ್ಲಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ನಲ್ಲಿ ನೀರು ಕೇಳುತ್ತಾಳೆ. ಅದನ್ನು ಕೇಳಿದ ದಿನ ಮೇಷ್ಟ್ರು, "ಪಂಚಾಯ್ತಿಯೋರು ಫೌಲ್ ಕೊಡಕ್ಕಾಗಕಿಲ್ಲ ಬುಡಿ," ಎಂದಿದ್ದರು.

ಹೋದ ವರ್ಷ ಅವರು ರಿಟೈರ್ ಆದರು. ಗುರುಸಿದ್ದಮ್ಮ ಅಷ್ಟರಲ್ಲಿ ಕೆಲಸ ಬಿಟ್ಟಿದ್ದಳು, ಸ್ಕೂಲಿನ ಅಡುಗೆಮನೆಗೆ ಹೋಗಿ ಕೂರುವುದನ್ನು ಬಿಟ್ಟಿರಲಿಲ್ಲ. ಕೊನೆಯ ದಿನ ಮೇಷ್ಟ್ರು, ಕಳಿಸಿಕೊಡಲು ಬಂದ ಗುರುಸಿದ್ದಮ್ಮನ ಜೊತೆ ಕುಸುಮಳ ಬಸ್ಸಿಗೇ ಕಾದರು. ಬಸ್ಸು ಬಂದಾಗ ಕೊರಳ ಸೀಟಿ ತೆಗೆದು ಅವಳ ಟಿಕೆಟ್ ಬ್ಯಾಗಿನೊಳಗೆ ಇಟ್ಟರು. ಹೊಸ ಮೇಷ್ಟ್ರು ಬರುವವರೆಗೆ ತನ್ನ ವಾರದ ರಜೆಯ ದಿನ ಮಕ್ಕಳನ್ನು ಆಡಿಸಲು ಅವಳು ಒಪ್ಪಿದ್ದಳು. ಕೆಟ್ಟ ಮಂಡಿ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಿದವರು ತಿರುಗಿ ನಿಂತರು.

"ಗುರುಸಿದ್ದವ್ವ, ಒಂದು ಮಾತು ನಡೆಸ್ಕೊಡಿ. ಇವಳು ಆಡ್ಸೋ ದಿನ ನೀವು ಕಿಟಕೀಲಿ ನಿಂತ್ಕಳಿ. ಕೂಗೋ ಕೂಸು ಯಾರದ್ದೇ ಆಗಿರ್ಲಿ, ಎಷ್ಟೇ ಅಳ್ಲಿ, ಕೇಳುಸ್ದೆ ಇದ್ರೆ ಸೌಟು ಎತ್ತಬ್ಯಾಡಿ."