ಮೂರು ತೂತಿನ ಹೊಟ್ಟೆಕಿಚ್ಚು

ನನ್ನ ತಂಗಿ ಪ್ರೇಮಲೀಲಾಳಿಗೆ ಗರ್ಭಕೋಶ ತೆಗೆದಿದ್ದಾರೆ ಎಂದು ಗೊತ್ತಾದಾಗ ಮೈಸೂರಿನ ಅಗ್ರಹಾರದಿಂದ ದಟ್ಟಗಳ್ಳಿಯ ಅವಳ ಮನೆಯವರೆಗೆ ಅತ್ತುಕೊಂಡೇ ಹೋದೆ. ಚೀಲದಲ್ಲಿ ಮೆಣಸಿನ ಸಾರಿನ ಪುಡಿ, ಬೆಳ್ಳುಳ್ಳಿ, ಮತ್ತೆ ನಮ್ಮವ್ವನ ಹಳೇ ನೂಲಿನ ಸೀರೆ ಇತ್ತು. ಹೊಟ್ಟೆ ಕೊಯ್ಸಿಕೊಂಡವರಿಗೆ ಬಾಣಂತಿಗೆ ಕಟ್ಟುವ ಹಾಗೆ ಬಿಗಿಯಾಗಿ ಬಟ್ಟೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಹಿಂದೆ ನನಗೂ ಇದೇ ಆಪರೇಷನ್ ಆದಾಗ ಅವ್ವ ಕಟ್ಟಿದ್ದು ಅದೇ ಸೀರೆಯನ್ನು. ಇವಳಿಗೆ ಕಟ್ಟಲು ಅವ್ವ ಇಲ್ಲ, ನಾನಾದರೂ ಕಟ್ಟೋಣ ಎಂದುಕೊಂಡಿದ್ದೆ. ಬಾಗಿಲು ತೆಗೆದದ್ದು ಯಾರು ಅಂತೀರಿ? ಅವಳೇ! ತಲೆ ಬಾಚಿ, ಹೂ ಮುಡಿದು, ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು.

“ಅಯ್ಯೋ, ಏನೇ ಇದು! ಹೋಗಿ ಮಲಿಕ್ಕೊಳ್ಳೇ!” ಎಂದೆ.

“ಓಡಾಡು ಅಂತ ಡಾಕ್ಟ್ರೇ ಹೇಳವ್ರೆ ಕಣಕ್ಕ. ನಂಗೆ ಹೊಟ್ಟೆ ಕೊಯ್ದೇ ಇಲ್ಲ. ಮೂರು ತೂತು, ಅಷ್ಟೇಯ. ಟೀವೀಲಿ ನೋಡ್ಕಂಡು ಮಾಡ್ಬುಡ್ತಾರೆ.”

ನೈಟಿ ಸರಿಸಿ ತೋರಿಸಿದಳು. ಬೆರಳು ಕುಯ್ದುಕೊಂಡರೆ ಅಂಟಿಸುತ್ತೇವಲ್ಲ, ಅಂಥ ಮೂರು ಪಟ್ಟಿ. ನನ್ನ ಕಣ್ಣೀರು ಅಲ್ಲೇ ಇಂಗಿತು. ಚೀಲದಿಂದ ಸೀರೆಯನ್ನು ಹೊರಗೆ ತೆಗೆಯಲೇ ಇಲ್ಲ. ಅವಳು ಕೊಟ್ಟ ಕಾಫಿ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಇಬ್ಬರೂ ಒಂದೇ ತಾಯಿಯ ಮಕ್ಕಳು. ಇಬ್ಬರಿಗೂ ಬಂದದ್ದು ಒಂದೇ ಕಾಯಿಲೆ, ಗರ್ಭಕೋಶದಲ್ಲಿ ಗಡ್ಡೆ, ತಿಂಗಳಲ್ಲಿ ಹದಿನೈದು ದಿನ ರಕ್ತ. ಅಪ್ಪ ಅವಳನ್ನು ಮೈಸೂರಿಗೆ ಕೊಟ್ಟ, ನನ್ನನ್ನು ಕಾಡಂಚಿನ ಊರಿಗೆ ಕೊಟ್ಟ. ನಡುವೆ ಇರುವುದು ಎರಡು ಗಂಟೆಯ ಬಸ್ಸು. ನಮ್ಮ ತಾಲ್ಲೂಕಿನ ಡಾಕ್ಟರು ಒಳ್ಳೆಯವರೇ, ಅವರನ್ನು ಬೈದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆದರೆ ಅಲ್ಲಿ ಆ ಟೀವಿಯ ಯಂತ್ರ ಇರಲಿಲ್ಲ, ಆ ಕೆಲಸ ಕಲಿತವರೂ ಇರಲಿಲ್ಲ. ಹೊಕ್ಕುಳಿನಿಂದ ಕೆಳಕ್ಕೆ ಒಂದು ಗೇಣು ಸೀಳಿದರು. ಹೊಲಿಗೆ ಕೀವು ಕಟ್ಟಿತು. ಹುಣಸೆ ಮರ ಹೂಬಿಟ್ಟು ಕಾಯಿ ಕಟ್ಟುವವರೆಗೆ ನಾನು ಚಾಪೆಯ ಮೇಲೇ ಇದ್ದೆ. ಆ ಕಾಲಕ್ಕೇ ಮೈಸೂರಿನಲ್ಲಿ ತೂತು ಕೊರೆದು ಮಾಡುತ್ತಿದ್ದರಂತೆ! ನನಗೆ ಒಬ್ಬರಾದರೂ ಹೇಳಬೇಡವೇ?

ಆಮೇಲೆ ನಾವೂ ಮೈಸೂರಿಗೇ ಬಂದೆವು. ಅಗ್ರಹಾರದ ಸಂದಿಯಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರುತ್ತೇನೆ. ಹಿಟ್ಟಿನ ಪಾತ್ರೆ ಎತ್ತಿದರೆ ಹಳೆಯ ಹೊಲಿಗೆಯ ಜಾಗ ಉಬ್ಬುತ್ತದೆ. ಹಾಗಾಗಿ ಪಾತ್ರೆ ಎತ್ತುವುದು ನನ್ನ ಯಜಮಾನ ಮಹದೇವು. ಅವನು ಎಲ್ಲಾದರೂ ಹೋದರೆ ಹಿಟ್ಟು ಇದ್ದಲ್ಲೇ ಹುಳಿಯುತ್ತದೆ. ತಂಗಿ ಮಾತ್ರ ತಿಂಗಳು ತುಂಬುವ ಮೊದಲೇ ಸ್ಕೂಟರ್ ಹತ್ತಿ ನಮ್ಮ ಅಂಗಡಿಗೆ ಬಂದು, “ಅಕ್ಕ, ಒಂದು ಕೇಜಿ ಹಿಟ್ಟು ಕೊಡೇ” ಎಂದಳು. ಕೊಟ್ಟೆ. ತಳದ ಹುಳಿ ಹಿಟ್ಟನ್ನೇ ಕೊಟ್ಟೆ.

ಅಷ್ಟರಲ್ಲಿ ನನ್ನ ಮಗಳು ಸಿಂಚನ ಫೋನು ಮಾಡಿದಳು. ನಾನು ಬದುಕಿದ ಆ ಕಾಡಂಚಿನ ಸೀಮೆಗೇ ಅವಳನ್ನೂ ಕೊಟ್ಟಿದ್ದೇವೆ. ಮದುವೆಯಾಗಿ ಇನ್ನೂ ಮಕ್ಕಳಾಗಿಲ್ಲ. ಅಂಡಾಶಯದಲ್ಲಿ ದೊಡ್ಡ ನೀರುಗಡ್ಡೆ ಇದೆ, ಸೋಮವಾರ ಹೊಟ್ಟೆ ಕೊಯ್ದು ತೆಗೆಯುತ್ತಾರೆ ಎಂದಳು. ನನ್ನ ಹೊಲಿಗೆ ಆಗಲೇ ಚುರುಚುರು ಎಂದಿತು. ನನ್ನ ಕೂಸಿಗೂ ಅದೇ ಗೇಣುದ್ದದ ಸೀಳೇ? ಬೆಳಗಿನ ಮೊದಲ ಬಸ್ಸಿಗೇ ಹೊರಟೆ.

ಮೈಸೂರಿಗೆ ಕರೆದುಕೊಂಡು ಹೋಗಿ ತೂತಿನ ಆಪರೇಷನ್ ಮಾಡಿಸುತ್ತೇನೆ ಎಂದರೆ ಬೀಗಿತ್ತಿ ಮಂಜುಳಮ್ಮ ಒಪ್ಪಲಿಲ್ಲ.

“ಅಲ್ಲ ಕಣ್ರೀ, ಅಷ್ಟು ದಪ್ಪನ ಗಡ್ಡೆ ತೂತಲ್ಲಿ ಎಂಗೆ ಈಚೆಗ್ ಬಂದದು? ಅರ್ಧ ಒಳಗೇ ಬುಟ್ಬುಡ್ತಾರೆ. ನಮ್ಗೆ ಮೊಮ್ಮಗ ಬೇಕು, ಸರ್ಯಾಗಿ ಕೊಯ್ದೇ ತೆಗೀಲಿ.”

“ಗಡ್ಡೆಯ ನೀರು ಹೀರ್ಕಂಡು, ಚೀಲಕ್ಕಾಕಿ ಎಳೀತಾರಂತೆ ಕಣ್ರೀ. ನನ್ ತಂಗಿ ಕೇಳ್ಕಂಡು ಬಂದವ್ಳೆ.”

ಹೌದು, ಹೊರಡುವ ಮುಂಚೆ ತಂಗಿಗೆ ನಾನೇ ಫೋನು ಮಾಡಿ ಬೇಡಿಕೊಂಡಿದ್ದೆ. ಅವಳ ಡಾಕ್ಟರನ್ನು ಅವಳ ಬಾಯಿಂದಲೇ ಕೇಳಿಸಬೇಕಾಗಿ ಬಂತಲ್ಲ ಎಂದು ಬಸ್ಸಿನುದ್ದಕ್ಕೂ ನನ್ನನ್ನೇ ಬೈದುಕೊಂಡಿದ್ದೆ. ಮಂಜುಳಮ್ಮ ಮಾತ್ರ ತಲೆ ಅಲ್ಲಾಡಿಸುತ್ತಲೇ ಇದ್ದರು. ನನಗೆ ರೇಗಿತು. ಅಡುಗೆಮನೆಯ ಬಾಗಿಲು ಹಾಕಿ, ಸೆರಗು ಸರಿಸಿ, ಸೀರೆ ಕೆಳಗೆ ಮಾಡಿ ಅವರ ಮುಂದೆ ನಿಂತೆ.

“ನೋಡ್ರೀ, ಚೆನ್ನಾಗ್ ನೋಡ್ರೀ. ಸರ್ಯಾಗಿ ಕೊಯ್ದು ತೆಗೆದಿರೋದು ಇದು!”

ಬೇಕೆಂದೇ ಜೋರಾಗಿ ಕೆಮ್ಮಿದೆ. ಹೊಲಿಗೆಯ ಜಾಗದಲ್ಲಿ ತೆಂಗಿನಕಾಯಿಯ ಹೋಳಿನಷ್ಟು ಉಬ್ಬಿ ಬಂತು. ಮಂಜುಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ಒಲೆಗೆ ತಗುಲಿದರು.

“ಬುಡಿ ಬುಡಿ, ಮುಚ್ಕಳಿ. ಕರ್ಕಂಡೋಗಿ ನಿಮ್ ಮೈಸೂರ್‌ಗೆ,” ಎಂದರು.

ತಂಗಿಯೇ ಸಿಂಚನಳನ್ನು ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆಪರೇಷನ್ ನಡೆಯುವಾಗ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಆಗಾಗ ನನ್ನ ಕೈ ಹಿಡಿಯುತ್ತಿದ್ದಳು. ಬಿಡಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, ಗಡ್ಡೆ ಪೂರಾ ಬಂದಿದೆ, ಅಂಡಾಶಯ ಉಳಿದಿದೆ, ಮಕ್ಕಳಾಗಲು ಅಡ್ಡಿ ಇಲ್ಲ ಎಂದರು. ಚಾಮುಂಡಮ್ಮನಿಗೆ ಅಲ್ಲಿಂದಲೇ ಕೈ ಮುಗಿದೆ.

ಮಾರನೆಯ ಬೆಳಿಗ್ಗೆ ಅವ್ವನ ಸೀರೆಯನ್ನು ಚೀಲಕ್ಕೆ ಹಾಕಿಕೊಂಡೇ ಆಸ್ಪತ್ರೆಗೆ ಹೋದೆ. ಬೇಕಾಗುವುದಿಲ್ಲ ಎಂದು ಗೊತ್ತಿತ್ತು, ಆದರೂ ಕೈ ಕೇಳಲಿಲ್ಲ. ಸಿಂಚನ ಮಂಚದಿಂದ ತಾನಾಗಿಯೇ ಇಳಿದಳು. ಹಿಡಿದುಕೊಳ್ಳಲು ಓಡಿದೆ. ಬೇಡ ಎಂದು ನನ್ನ ಕೈ ಸರಿಸಿ, ಕಿಟಕಿಯ ಹತ್ತಿರ ನಿಂತು ಜಡೆ ಬಿಚ್ಚಿ ಬಾಚತೊಡಗಿದಳು. ನನ್ನ ಆಪರೇಷನ್ ಆದಾಗ ಅವಳು ಇನ್ನೂ ಚಿಕ್ಕವಳು, ನನ್ನ ನರಳಾಟ ಕೇಳಿ ಬಾಗಿಲ ಹೊರಗೆ ಅಳುತ್ತಿದ್ದಳು. ಈಗ ತಿರುಗಿ ನಕ್ಕಳು.

“ಅಂಥಾ ನೋವೇನಿಲ್ಲ ಕಣಮ್ಮ. ಇಷ್ಟಕ್ಕೇ ನೀನು ಆವಾಗ ಅಷ್ಟೊಂದು ಕಿರುಚಾಡ್ತಿದ್ದಾ?”

ನಾನೇ ಹೆತ್ತ ಮಗಳು. ನಾನೇ ಹಟ ಹಿಡಿದು, ಪರರ ಮುಂದೆ ಹೊಟ್ಟೆ ಬಿಚ್ಚಿ ತೋರಿಸಿ ಮಾಡಿಸಿದ ಆಪರೇಷನ್ನು. ಆದರೂ ಆ ಹೊತ್ತಿನಲ್ಲಿ ಅವಳ ಮೇಲೆ ಹೊಟ್ಟೆ ಉರಿಯಿತು. ತಂಗಿಯ ಮೇಲೆ ಉರಿದದ್ದಕ್ಕಿಂತ ಹೆಚ್ಚಾಗಿಯೇ ಉರಿಯಿತು, ಸುಳ್ಳೇಕೆ ಹೇಳಲಿ.

“ಹೂಂ ಕಣವ್ವ,” ಎಂದೆ. “ಇಷ್ಟಕ್ಕೇಯ.”

ಆಮೇಲೆ ಮಂಚದ ಪರದೆ ಎಳೆದುಕೊಂಡು, ಅವ್ವನ ಸೀರೆಯನ್ನು ನನ್ನ ಹೊಟ್ಟೆಗೇ ಬಿಗಿದು ಕಟ್ಟಿಕೊಂಡೆ. ಮನೆಯಲ್ಲಿ ಅಕ್ಕಿ ನೆನೆದಿತ್ತು, ಸಂಜೆ ಹಿಟ್ಟು ರುಬ್ಬಬೇಕಿತ್ತು.