ಅಕ್ಕಿ ಮಂಡಿ ಮನೆಯ ಹರಕೆ ಮುದ್ದೆ

ಕಣ್ಣಿನ ಆಪರೇಷನ್ ಯಾಕೆ ಇಷ್ಟು ಅರ್ಜೆಂಟು ಎಂದು ಮೈಸೂರಿನ ಡಾಕ್ಟರು ಕೇಳಿದಾಗ ನಮ್ಮ ಅತ್ತೆ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟರು: "ನನ್ ತಂಗಿ ಚೌಕಾಬಾರದಲ್ಲಿ ಮೋಸ ಮಾಡ್ತಾಳೆ ಡಾಕ್ಟ್ರೇ. ಸಾಯೋದ್ರೊಳಗೆ ಒಂದ್ ಸಲ ಕಣ್ಣಾರೆ ನೋಡಿ ಹಿಡೀಬೇಕು."

ಡಾಕ್ಟರು ನಗಲಿಲ್ಲ. "ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಅಜ್ಜಿ. ಅಲ್ಲೀವರೆಗೂ ಪೊರೆ ತೆಗೆಯೋ ಹಾಗಿಲ್ಲ," ಎಂದರು.

ತೊಂಬತ್ತರ ದಶಕದ ಕೊನೆ ಅದು. ನಂಜನಗೂಡಿನ ಪೇಟೆಯಲ್ಲಿ ನಮ್ಮದು ಅಕ್ಕಿ ಮಂಡಿಯ ಮನೆ. ಅತ್ತೆಯ ತಂಗಿ, ನಮಗೆಲ್ಲ ಚಿಕ್ಕತ್ತೆ, ತಿ. ನರಸೀಪುರದಲ್ಲಿದ್ದರು. ಪ್ರತಿ ಸೋಮವಾರ ಬಸ್ಸಿನಲ್ಲಿ ಬಂದು ನಂಜುಂಡೇಶ್ವರನ ದರ್ಶನ ಮುಗಿಸಿ, ಒಂದು ಡಬ್ಬಿ ಸಜ್ಜಪ್ಪವನ್ನೋ ರವೆ ಉಂಡೆಯನ್ನೋ ಹೊತ್ತು ನಮ್ಮ ಮನೆಗೆ ಬರುತ್ತಿದ್ದರು. ಊಟವಾದ ಮೇಲೆ ಅಕ್ಕತಂಗಿಯರು ಜಗಲಿಗೆ ಹೋಗುತ್ತಿದ್ದರು. ಜಗಲಿಯ ಕಲ್ಲಿನಲ್ಲೇ ಚೌಕಾಬಾರದ ಮನೆ ಕೊರೆದಿತ್ತು. ಅತ್ತೆಯ ಕಾಯಿ ಹುಣಸೆಬೀಜ, ಚಿಕ್ಕತ್ತೆಯದು ಬಳೆಚೂರು. ಇದನ್ನೆಲ್ಲ ಬೆರಳಲ್ಲೇ ತಡವಿ ಆಡಬಹುದು. ಕವಡೆಯನ್ನು ಮಾತ್ರ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮಗುಚಿಕೊಳ್ಳುತ್ತದೆ. ನಾಲ್ಕು ಕವಡೆಯಲ್ಲಿ ಬಾಯಿ ಮೇಲಾದವು ಎಷ್ಟು ಎಂದು ಕಣ್ಣಿಂದಲೇ ಎಣಿಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ ನಡೆಸಬಹುದು. ನಾಲ್ಕೂ ಬೋರಲಾದರೆ ಭಾರ, ಎಂಟು ಮನೆ. ಅತ್ತೆಗೆ ಪೊರೆ ಬಂದ ಮೇಲೆ ಇಬ್ಬರ ಗರವನ್ನೂ ಚಿಕ್ಕತ್ತೆಯೇ ನೋಡಿ ಹೇಳುತ್ತಿದ್ದರು. ಅವರಿಗೆ ಮೇಲಿಂದ ಮೇಲೆ ಭಾರ ಬೀಳುತ್ತಿತ್ತು. ಅತ್ತೆಗೆ ಒಂದು, ಎರಡು. ಹಬ್ಬದ ವಾರ ಒಮ್ಮೆ ಬಿಟ್ಟರೆ ಅತ್ತೆ ಗೆದ್ದದ್ದೇ ಇಲ್ಲ.

"ನೀನಾದ್ರೂ ಪಕ್ಕದಲ್ಲಿ ಕೂತು ನೋಡ್ಬಾರ್ದೇನಮ್ಮಿ?" ಎಂದು ಅತ್ತೆ ನನ್ನನ್ನು ಕೇಳಿಕೊಂಡಿದ್ದರು. ಚಿಕ್ಕತ್ತೆ ಬಿಡಲಿಲ್ಲ. "ಮೂರನೇವ್ರ ಕಣ್ಣು ಬಿದ್ರೆ ಗರ ಕೆಡುತ್ತೆ, ನೀನ್ ಒಳಗೋಗು." ಫೇರ್ ಪ್ಲೇ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದೆಲ್ಲ ಹಾಕಿ ಆಟಕ್ಕೇ ಮೀಸಲಾಗಿತ್ತು. ಅತ್ತೆಯ ತಂಗಿಯನ್ನು ಕವಡೆಯ ವಿಷಯದಲ್ಲಿ ಅನುಮಾನಿಸುವುದು ಹೇಗೆಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಸರಿ, ಸಕ್ಕರೆ ಇಳಿಸಬೇಕು. ಮಾತ್ರೆಯ ಜೊತೆಗೆ ಊಟವನ್ನೂ ಡಾಕ್ಟರು ಬಾಯಲ್ಲೇ ಹೇಳಿದ್ದರು. ಬಿಳಿ ಅನ್ನ ಬಿಡಿ, ಸಿಹಿ ಮುಟ್ಟಬೇಡಿ. ಒಂದು ಸಣ್ಣ ರಾಗಿಮುದ್ದೆ, ಹುರುಳಿಕಾಳಿನ ಸಾರು, ದಿನಾ ಯಾವುದಾದರೂ ಸೊಪ್ಪು, ನೀರು ಮಜ್ಜಿಗೆ. ಕಾನ್ವೆಂಟಿನ ಗೋಡೆಯ ಮೇಲಿದ್ದ 'ಬ್ಯಾಲೆನ್ಸ್ಡ್ ಡಯಟ್' ಚಾರ್ಟು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕೆಂಪು ಸೇಬು, ಚೀಸಿನ ತುಂಡು, ಒಂದು ಲೋಟ ಹಾಲು, ಪಕ್ಕದಲ್ಲಿ ಕೆನ್ನೆ ತುಂಬಿಕೊಂಡ ಒಂದು ಇಂಗ್ಲಿಷ್ ಮಗು. ಮುದ್ದೆ ಇರಲಿಲ್ಲ. ಹಾಗಾಗಿ ಅಗ್ಗದ ಈ ಊಟ ಮೆಡಿಸಿನ್ ಎಂದು ನಂಬಲು ನನಗೂ ಒಂದು ವಾರ ಹಿಡಿಯಿತು. ನಮ್ಮ ಯಜಮಾನರಿಗಂತೂ ನಾಚಿಕೆಯೇ ಆಯಿತು.

"ಅಕ್ಕಿ ಮಂಡಿಯವನ ತಾಯಿ ರಾಗಿ ತಿಂದ್ರೆ ಜನ ಏನಂತಾರೆ? ಬಟ್ಟೆ ಅಂಗಡಿಯವ್ನು ಬೆತ್ತಲೆ ಓಡಾಡ್ದಂಗೆ ಆಗುತ್ತೆ."

ಹಾಗೆಯೇ ಆಯಿತು. ನಾನು ರಾಗಿ ಬೀಸಿಸಿಕೊಂಡು ಬಂದದ್ದು ಗಿರಣಿಯಿಂದ ಬೀದಿಗೆ, ಬೀದಿಯಿಂದ ಸೋಸಲೆಯ ನೆಂಟರವರೆಗೂ ಹೋಯಿತು. ಮಂಡಿ ಮುಳುಗಿದೆ ಎಂದು ಕೆಲವರು ನಂಬಿದರು. ಈ ಸಲದ ಅಕ್ಕಿಯಲ್ಲೇ ಏನೋ ಐಬಿದೆ, ಅದಕ್ಕೇ ಮನೆಯವರು ತಿನ್ನುತ್ತಿಲ್ಲ ಎಂದು ಉಳಿದವರು ನಂಬಿದರು. ಅತ್ತೆಗೆ ಕಾಯಿಲೆ ಎಂದು ನಾನು ವಿವರಿಸಿದ್ದು ಇನ್ನೂ ದೊಡ್ಡ ಅನಾಹುತಕ್ಕೆ ದಾರಿಯಾಯಿತು. ರೋಗಿಯನ್ನು ಬರಿಗೈಲಿ ನೋಡಬಾರದಲ್ಲ! ಸಕ್ಕರೆ ಕಾಯಿಲೆಯವರನ್ನು ನೋಡಲು ಜನ ಮೈಸೂರು ಪಾಕು ತಂದರು, ಬಾಳೆಹಣ್ಣಿನ ಚಿಪ್ಪು ತಂದರು, ಗ್ಲೂಕೋಸ್ ಬಿಸ್ಕತ್ತು ತಂದರು. ಒಬ್ಬರು ಎಳ್ಳುಂಡೆ ತಂದು, "ಇದ್ರಲ್ಲಿ ಬೆಲ್ಲ ಅಷ್ಟೇ ಕಣ್ರೀ, ಸಕ್ರೆ ಒಂದ್ ಚಿಟಿಕೆ ಹಾಕಿಲ್ಲ," ಎಂದರು. ಎದುರಿಗೇ ಒಂದು ತುಂಡು ಬಾಯಿಗೆ ಹಾಕಿಕೊಳ್ಳದಿದ್ದರೆ ತಂದವರಿಗೆ ಅವಮಾನ. ಅತ್ತೆ ಮರ್ಯಾದೆಗೆ ತಿನ್ನುತ್ತಿದ್ದರು. ಮುದ್ದೆ ಉಂಡು ಸೊರಗಿದಷ್ಟೂ ನೋಡಲು ಬರುವವರು ಹೆಚ್ಚಿದರು, ಬರುವವರು ಹೆಚ್ಚಿದಷ್ಟೂ ಸಕ್ಕರೆ ಏರಿತು. ಮೈಸೂರಿಗೆ ಹೋದಾಗ ಡಾಕ್ಟರು ರಿಪೋರ್ಟು ನೋಡಿ, "ಅಜ್ಜಿ, ನೀವು ಪಥ್ಯ ಶುರು ಮಾಡೋ ಮುಂಚೇನೇ ಚೆನ್ನಾಗಿದ್ರಿ," ಎಂದರು.

ಬರುವಾಗ ಬಸ್ಸಿನಲ್ಲಿ ಅತ್ತೆ ಪಿಸುಗುಟ್ಟಿದರು. "ಎಲ್ಲಾ ಅವಳದೇ ಕಣಮ್ಮಿ. ನನ್ ಕಣ್ಣು ಬಂದ್ರೆ ತನ್ ಮೋಸ ಗೊತ್ತಾಗುತ್ತೆ ಅಂತಾನೇ ವಾರ ವಾರ ಡಬ್ಬಿ ತರೋದು."

"ಡಾಕ್ಟರ್ ಮಾತಿಗೆ ಯಾರೂ ಬೆಲೆ ಕೊಡಲ್ಲ ಅತ್ತೆ. ಹರಕೆ ಅಂತ ಹೇಳಿಬಿಡೋಣ," ಎಂದೆ ನಾನು.

"ದೇವ್ರ ಹೆಸ್ರಲ್ಲಿ ಸುಳ್ಳಾ? ನಿಮ್ ಸಿಸ್ಟರ್‌ಗಳು ಇದನ್ನೇನಾ ಕಲ್ಸಿದ್ದು?" ಎಂದವರೇ ಬಸ್ಸಿಳಿದು ನೇರ ದೇವಸ್ಥಾನಕ್ಕೆ ಹೋದರು. ನಂಜುಂಡೇಶ್ವರನ ಎದುರು ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ ನಿಜವಾದ ಹರಕೆಯನ್ನೇ ಹೊತ್ತರು. "ಕಣ್ಣು ಬರೋವರ್ಗೂ ಅನ್ನ ಮುಟ್ಟಲ್ಲ, ಸಿಹಿ ಮುಟ್ಟಲ್ಲ. ಮುದ್ದೆ, ಸೊಪ್ಪು, ಹುರುಳಿ. ನೀನೇ ನೋಡ್ಕೋ."

ಅವತ್ತಿನಿಂದ ಊರೇ ಬದಲಾಯಿತು. ಸಿಹಿ ಹಿಡಿದು ಬಂದವರು ಹೊಸಿಲಲ್ಲೇ ಕೆನ್ನೆ ಬಡಿದುಕೊಂಡು, ಡಬ್ಬಿಯನ್ನು ನಮ್ಮ ಯಜಮಾನರ ಕೈಗಿಡುತ್ತಿದ್ದರು. ಅವರು ಉಬ್ಬಿದರು, ಪ್ಯಾಂಟು ಬಿಗಿಯಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಯಾರೋ ಇಟ್ಟು ಹೋದ ನುಗ್ಗೆಸೊಪ್ಪು, ದಂಟು, ಹೊನಗೊನ್ನೆ. ಅಕ್ಕಿಯ ಬಗ್ಗೆ ಇದ್ದ ಅನುಮಾನವೂ ಹೋಗಿ, ಹರಕೆಯವರ ಮಂಡಿ ಎಂದು ವ್ಯಾಪಾರ ಚುರುಕಾಯಿತು. ಅಂದರೆ ಅತ್ತೆ ಅನ್ನ ಬಿಟ್ಟದ್ದರಿಂದ ಜನ ಹೆಚ್ಚು ಅನ್ನ ಉಂಡರು. ಇದನ್ನು ಯಾವ ಎಕನಾಮಿಕ್ಸ್ ಪುಸ್ತಕವೂ ವಿವರಿಸಲಾರದು.

ತಗಡೂರಿನ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. "ಅವ್ವಾರೇ, ಅಜ್ಜಿ ಉಣ್ಣೋ ಮುದ್ದೇಲಿ ಒಂದ್ ಚೂರು ಕೊಡಿ. ಮಗಳು ಎಸ್ಸೆಸ್ಸೆಲ್ಸಿ."

"ಮುದ್ದೆ ತಿಂದ್ರೆ ಪಾಸಾಗ್ತಾಳಾ?" ಎಂದೆ.

"ಓದಕ್ಕಂತೂ ಅವ್ಳು ಒಲ್ಲಳು. ಬ್ಯಾರೆ ದಾರಿ ಏನೈತೆ ಏಳಿ?"

ಕೊಟ್ಟೆ. ಹುಡುಗಿ ಪಾಸಾದಳು. ಆಮೇಲೆ ನಮ್ಮ ಅಡುಗೆಮನೆಯ ಮುಂದೆ ಸಾಲು. ತಾಂಡ್ಯದ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವ ಎದುರುಮನೆಯಾತ ಸೈಕಲ್ಲಿನಿಂದ ಇಳಿಯದೆಯೇ ಟಿಫನ್ ಕ್ಯಾರಿಯರ್ ಚಾಚಿ ಹುರುಳಿ ಸಾರು ಹಾಕಿಸಿಕೊಂಡು ಹೋಗುತ್ತಿದ್ದ. ಹೀಗೆ ರಾಗಿ, ಸೊಪ್ಪು, ಕಾಳು ಬೀದಿಯ ಅರ್ಧ ಜನರ ಹೊಟ್ಟೆ ಸೇರಿತು. ಯಾರಿಗೂ ಅದು ಆರೋಗ್ಯಕ್ಕೆ ಎಂದು ಹೇಳುವ ಧೈರ್ಯ ನಾನು ಮಾಡಲಿಲ್ಲ. ಹೇಳಿದ್ದರೆ ಬಿಟ್ಟುಬಿಡುತ್ತಿದ್ದರು.

ಚಿಕ್ಕತ್ತೆ ಮಾತ್ರ ಕರಗಲಿಲ್ಲ. "ಹರಕೆನಾ ನಾಟ್ಕನಾ ಅಕ್ಕಾ?" ಎನ್ನುತ್ತ ತಾವು ತಂದ ಸಜ್ಜಪ್ಪವನ್ನು ತಾವೇ ತಿನ್ನುತ್ತಿದ್ದರು. ನಡುವೆ ಕವಡೆ ಕುಲುಕಿ, "ಭಾರ!"

ಅತ್ತೆ ಹಲ್ಲು ಕಚ್ಚಿ ಮುದ್ದೆ ನುಂಗಿದರು. ಸಕ್ಕರೆ ಇಳಿಯಿತು. ಮೈಸೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಬ್ಯಾಂಡೇಜು ಬಿಚ್ಚಿದಾಗ ನನ್ನ ಮುಖವನ್ನು ದಿಟ್ಟಿಸಿ, "ಎಷ್ಟ್ ವಯಸ್ಸಾಗೋಯ್ತಲ್ಲೇ ನಿಂಗೆ," ಎಂದರು. ಹರಕೆ ಒಪ್ಪಿಸುವ ದಿನದ ಪಾಯಸಕ್ಕೆ ಬೀದಿಯೆಲ್ಲ ಕಾಯುತ್ತಿತ್ತು. ಪಥ್ಯ ಬಿಡುವಂತಿಲ್ಲವೆಂದು ಡಾಕ್ಟರು ಹೇಳಿದ್ದರಿಂದ ಅತ್ತೆ ಜನರಿಗೆ, "ಹರಕೆ ಇನ್ನೊಂದ್ ಕಣ್ಣಿಗೂ ಸೇರಿ," ಎಂದುಬಿಟ್ಟರು. ತಮಗೆ ಕಣ್ಣು ಬಂದ ಸುದ್ದಿ ತಂಗಿಗೆ ಮಾತ್ರ ಮುಟ್ಟದಂತೆ ನಮ್ಮಿಂದೆಲ್ಲ ಆಣೆ ಹಾಕಿಸಿಕೊಂಡಿದ್ದರು.

ಮುಂದಿನ ಸೋಮವಾರ ಚಿಕ್ಕತ್ತೆ ಬಂದರು. ಅತ್ತೆ ಹಿಂದಿನಂತೆಯೇ ಶೂನ್ಯವನ್ನು ನೋಡುತ್ತ ಜಗಲಿಯಲ್ಲಿ ಕೂತರು. ನಾನು ಬಾಗಿಲ ಹಿಂದೆ ಮೊರದಲ್ಲಿ ಹುರುಳಿ ಹಿಡಿದು ನಿಂತೆ. ಮೂರನೆಯವಳ ಕಣ್ಣು ಬಿದ್ದೇ ಬಿತ್ತು.

ಚಿಕ್ಕತ್ತೆ ಕವಡೆ ಬಿಟ್ಟರು. ಮೂರು ಬಾಯಿ ಮೇಲೆ, ಒಂದು ಬೋರಲು.

"ಭಾರ!" ಎಂದು ಎಂಟು ಮನೆ ನಡೆಸಿದರು.

ಅತ್ತೆಯ ಮುಖ ಬೆಳಗಿತು. ಹಿಡಿಯಲು ಕೈ ಎತ್ತಿದರು. ಅಷ್ಟರಲ್ಲಿ, ಭಾರ ಬಿದ್ದರೆ ಇನ್ನೊಂದು ಗರ ಉಂಟಲ್ಲ, ಚಿಕ್ಕತ್ತೆ ಮತ್ತೆ ಕವಡೆ ಬಿಟ್ಟಾಗಿತ್ತು. ಈ ಸಲ ನಾಲ್ಕೂ ಬಾಯಿ ಮೇಲೆ. ಚೌಕ. ಅವರ ಕೊನೆಯ ಕಾಯಿ ಒಳಮನೆ ಸೇರಿ ಹಣ್ಣಾಗಲು ಬೇಕಾಗಿದ್ದದ್ದೂ ಅದೇ ನಾಲ್ಕು.

ಚಿಕ್ಕತ್ತೆ ಬಗ್ಗಿ, ಕವಡೆಯಿಂದ ಒಂದು ಗೇಣು ಆಚೆಗೆ ಕಲ್ಲನ್ನು ದಿಟ್ಟಿಸಿ, "ಎರಡು. ಥೂ, ಹಾಳಾದ್ ಗರ," ಎಂದರು.

ತನಗೇ ಯಾರಾದರೂ ಮೋಸ ಮಾಡಿಕೊಳ್ಳುತ್ತಾರೆಯೇ? ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಆ ಕೈಯನ್ನೇ ತಂಗಿಯ ಮುಖದ ಮುಂದೆ ಹಿಡಿದರು. "ಇದೆಷ್ಟು ಬೆರಳು ಹೇಳು."

"ಇದೇನ್ ಮಕ್ಕಳಾಟ?"

"ಹೇಳೇ."

"ನಿನ್ ಕೈಲಿ ಎಷ್ಟೈತೋ ಅಷ್ಟೇ."

"ಯಾವಾಗಿಂದ ಕಾಣ್ಸಲ್ಲ ನಿಂಗೆ?"

ಚಿಕ್ಕತ್ತೆ ಬಳೆಚೂರನ್ನು ಹೊರಳಿಸಿದರು. "ನಿನಗಿಂತ ಒಂದ್ ವರ್ಷ ಮುಂಚಿಂದ. ಬಸ್ಸಿಂದಾನೂ ಕಂಡಕ್ಟರೇ ಕೈ ಹಿಡಿದು ಇಳ್ಸೋದು."

"ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ಗರ ಯಾರು ನೋಡೋರು? ಇಬ್ರಿಗೂ ಕಾಣ್ಸಲ್ಲ ಅಂದ್ರೆ ಆಟ ನಿಲ್ಲುತ್ತೆ. ಆಟ ಇಲ್ದೆ ಸೋಮವಾರ ನಾನಿಲ್ಲಿ ಬಂದು ಏನ್ ಮಾಡ್ಲಿ?"

ಅತ್ತೆಗೆ ಇನ್ನೊಂದು ಸಂಶಯ ಹೊಳೆಯಿತು. "ಹಂಗಾದ್ರೆ ಹಬ್ಬದ ವಾರ ನಾನು ಗೆದ್ದಿದ್ದು?"

"ಅದು ನಾನೇ ಗೆಲ್ಸಿದ್ದು. ಪಾಪ ಅಂತ."

ಮೋಸವನ್ನು ಕ್ಷಮಿಸಬಹುದಿತ್ತೇನೋ, ಈ 'ಪಾಪ'ವನ್ನು ಅತ್ತೆ ಕ್ಷಮಿಸುವ ಹಾಗಿರಲಿಲ್ಲ. ಸಜ್ಜಪ್ಪದ ಡಬ್ಬಿಯನ್ನು ಕಸಿದು ಸೆರಗಿನೊಳಗಿಟ್ಟುಕೊಂಡರು. "ಇವತ್ತಿಂದ ನಿಂಗೂ ಮುದ್ದೆ."

"ನಾನ್ ಯಾವ ದೇವ್ರಿಗೂ ಹೇಳ್ಕೊಂಡಿಲ್ಲ."

"ನಿನ್ ಪರವಾಗಿ ಈಗ್ತಾನೆ ನಾನ್ ಹೇಳ್ಕೊಂಡೆ. ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ."

"ಬಿಡು ಅಕ್ಕಾ, ಆಟ ಆಡು. ನಂದು ಎರಡು, ನಡೆಸ್ಲಾ?"

ಅತ್ತೆ ಕವಡೆಗಳನ್ನು ನೋಡಿದರು. ನಾಲ್ಕೂ ಬಾಯಿ ತೆರೆದು ಬಿದ್ದಿದ್ದವು. ಸುಮ್ಮನಿದ್ದರೆ ಆಟ ಅವರ ಕೈಯಲ್ಲೇ ಇತ್ತು.

"ಎರಡಲ್ಲ ಕಣೇ, ಚೌಕ ಬಿದ್ದೈತೆ," ಎಂದರು ಕೊನೆಗೆ, ಬಹಳ ಕಷ್ಟದಿಂದ. "ನಡ್ಸು. ಗೆದ್ಕೊಂಡ್ ಸಾಯಿ."

ಚಿಕ್ಕತ್ತೆ ಕಲ್ಲಿನ ಗೆರೆಗಳನ್ನು ಬೆರಳಿಂದ ತಡವುತ್ತ ಬಳೆಚೂರನ್ನು ಒಳಮನೆಗೆ ದೂಡಿದರು. ನಾನು ಒಳಗೆ ಹೋಗಿ ರಾಗಿಹಿಟ್ಟಿನ ಡಬ್ಬಿ ಇಳಿಸಿದೆ.