ವಾಯುನೌಕೆಗೆ ಒಂದು ಆರತಿ

ಕಲ್ಯಾಣಪುರದ ಫ್ಲೇವಿಯಾ ಜರ್ಮನಿಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಳಾದ ಮೇಲೆ ಗಾಳಿಮಾತಿಗೆ ಇಳಿದಳು. ಅಂದರೆ, ಹಿಂದೊಮ್ಮೆ ಖಂಡದಿಂದ ಖಂಡಕ್ಕೆ ಜನರನ್ನು ಹೊತ್ತೊಯ್ಯುತ್ತಿದ್ದ, ಬೃಹತ್ ಬಲೂನಿನಂಥ ವಾಯುನೌಕೆಗಳ ಮ್ಯೂಸಿಯಮ್ಮಿನಲ್ಲಿ ಗೈಡ್ ಆಗಲು ಹೊರಟಳು. ಯೂನಿಫಾರ್ಮ್ ಕಳಚಿದ ದಿನದಿಂದ “ಬನ್ನಿ, ಕೂತುಕೊಳ್ಳಿ, ಹೆದರಬೇಡಿ” ಎಂದು ಹೇಳಲು ಅವಳಿಗೆ ಒಂದು ನರಪಿಳ್ಳೆಯೂ ಸಿಕ್ಕಿರಲಿಲ್ಲ. ಈ ಕೆಲಸ ಬೇಕೇ ಬೇಕಿತ್ತು.

ಅವಳನ್ನು ಪರೀಕ್ಷಿಸುವ ದಿನ ಮ್ಯೂಸಿಯಮ್ಮಿನ ಮೇಲ್ವಿಚಾರಕ ಕ್ರಾಮರ್ ಗುಂಪಿನ ಹಿಂದೆ ಕೈಕಟ್ಟಿ ನಿಂತ. ಗುಂಪು ಜರ್ಮನಿಯ ಇಂಗೋಲ್‌ಸ್ಟಾಟ್‌ನ ಕನ್ನಡದವರದು. ಕಾರು ಎಂಜಿನಿಯರುಗಳು, ಅವರಲ್ಲೊಬ್ಬಳು ನಿರುಪಮಾ, ಜೊತೆಗೆ ಧಾರವಾಡದಿಂದ ಬಂದ ಅವಳ ಅತ್ತೆ ಸಾವಿತ್ರವ್ವ.

ಹಳೆಯ ನೌಕೆಗಳ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಕಿಡಿ ತಗುಲಿದರೆ ಭಗ್ಗೆನ್ನುವ ಹೈಡ್ರೋಜನ್. ಹಾಗಾಗಿ ಹತ್ತುವ ಮುಂಚೆ ಪ್ರಯಾಣಿಕರ ಬೆಂಕಿಪೆಟ್ಟಿಗೆ, ಲೈಟರುಗಳನ್ನು ಸಿಬ್ಬಂದಿ ತೆಗೆದಿಟ್ಟುಕೊಳ್ಳುತ್ತಿದ್ದರು. ಫ್ಲೇವಿಯಾ ಅದನ್ನೇ ಆಡಿ ತೋರಿಸಿದಳು. ಇಗರ್ಜಿಯಲ್ಲಿ ಕಾಣಿಕೆ ಎತ್ತುವಂತೆ ತಟ್ಟೆ ಹಿಡಿದು ಗಂಡಸರ ಮುಂದೆ ಹಾದಳು. ಎರಡು ಲೈಟರು ಬಿದ್ದವು. ಒಬ್ಬನ ಹೆಂಡತಿಗೆ ಅವನು ಸಿಗರೇಟು ಬಿಟ್ಟಿಲ್ಲವೆಂಬುದೂ ತಿಳಿಯಿತು. ಹೆಂಗಸರ ಮುಂದೆ, ಅದರಲ್ಲೂ ಇಳಕಲ್ ಸೀರೆಯ ಸಾವಿತ್ರವ್ವನ ಮುಂದೆ, ತಟ್ಟೆ ಹಿಡಿಯಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮರ್ಯಾದೆ ಅಡ್ಡ ಬಂತು.

ಅಟ್ಲಾಂಟಿಕ್ ಸಾಗರ ಕಿಟಕಿಯ ಕೆಳಗೆ ಸರಿಯುತ್ತಿದ್ದಾಗ ಜನ ಬಿಳಿ ಮೇಜುಬಟ್ಟೆಯ ಮೇಲೆ ಊಟ ಮಾಡುತ್ತಿದ್ದ ಕಥೆ ಹೇಳುತ್ತ, ಅವಳು ನೌಕೆಯ ಮಾದರಿಯ ಮೆಟ್ಟಿಲು ಹತ್ತತೊಡಗಿದಳು. ಕರ್ಪೂರದ ವಾಸನೆ ಬಂತು. ತಿರುಗಿದರೆ, ಮೆಟ್ಟಿಲ ಬುಡದಲ್ಲಿ ಸಾವಿತ್ರವ್ವ ಪುಟ್ಟ ಹಿತ್ತಾಳೆ ಆರತಿ ಹಿಡಿದು ನೌಕೆಗೆ ಬೆಳಗುತ್ತಿದ್ದಾಳೆ.

ಹೊಗೆ ಸೀಲಿಂಗಿನ ಅಲಾರಮ್ಮಿಗೆ ಮುಟ್ಟುವ ಮೊದಲೇ ಫ್ಲೇವಿಯಾ ಇಳಿದು ಬಂದು, ಬರ್ತ್‌ಡೇ ಕೇಕಿನ ಮೇಣದಬತ್ತಿಯಂತೆ, ಉಫ್ ಎಂದು ಊದಿಬಿಟ್ಟಳು. ನಿರುಪಮಾ ಹಣೆ ಚಚ್ಚಿಕೊಂಡಳು.

“ಹೊಸಾ ಗಾಡಿ ಹತ್ತೂಮುಂದ ಆರತಿ ಮಾಡಬಾರದೇನವ್ವಾ?” ಸಾವಿತ್ರವ್ವ ಕೇಳಿದಳು. “ಬಾಯಿಲೆ ಊದಿದಿ. ಇನ್ನ ಇದು ಹಾರಿದಂಗ.”

“ಇದು ಹೇಗೂ ಹಾರುವುದಿಲ್ಲ ಅಜ್ಜಿ. ತಪ್ಪು ನನ್ನದೇ, ನಿಮ್ಮತ್ರವೂ ಕೇಳಬೇಕಿತ್ತು. ಈಗ ಕಡ್ಡಿಪೆಟ್ಟಿಗೆ ಕೊಡಿ ಮಾರಾಯ್ರೆ.”

ಸಾವಿತ್ರವ್ವ ಕೊಟ್ಟಳು. ಫ್ಲೇವಿಯಾ ತಟ್ಟೆ ಹಿಂದೆಗೆಯಲಿಲ್ಲ. ಮಾತ್ರೆ ಬಚ್ಚಿಟ್ಟು ನುಂಗಿದೆ ಎನ್ನುವ ರೋಗಿಗಳನ್ನು ಮೂವತ್ತು ವರ್ಷ ಕಂಡವಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ಸೊಂಟದಿಂದ ಇನ್ನೊಂದು ಪೆಟ್ಟಿಗೆ ಬಂತು.

ತಟ್ಟೆ ಆಮೇಲೆ ಹೆಂಗಸರನ್ನೆಲ್ಲ ದಾಟಿ ಕೊನೆಗೆ ಕ್ರಾಮರನ ಮುಂದೆ ನಿಂತಿತು. ಅವನು ಅವಳ ಮುಖ ನೋಡಿದ. ಜೇಬಿಗೆ ಕೈ ಹಾಕಿ, ತನ್ನ ಲೈಟರನ್ನು ತಟ್ಟೆಯಲ್ಲಿಟ್ಟ.

ಸೋಮವಾರದಿಂದ ಬರಬೇಕೆಂದ, ತಟ್ಟೆಯನ್ನೂ ತರಬೇಕೆಂದ.